ಬೋರಲು ಮಲಗಿಸಿದ ದಿನಗಳು

ಆರು ಹೆಸರುಗಳ ಮುಂದೆ ‘ಪತ್ತೆ ಇಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದವಳು ನಾನೇ. ಆರೂ ಜನ ಹೆಂಗಸರು, ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನವರು. ಕಡೂರಿನಲ್ಲಿ ಹಿಂದೊಮ್ಮೆ ನಡೆದ ತಪಾಸಣಾ ಶಿಬಿರದಲ್ಲಿ ಅವರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಇರುವುದು ಗೊತ್ತಾಗಿತ್ತು. ಬೆಂಗಳೂರಿನ ನಮ್ಮ ಆಸ್ಪತ್ರೆಗೆ ಬಂದು, ಕೋಬಾಲ್ಟ್ ಯಂತ್ರದ ಕೆಳಗೆ ಮಲಗಿ, ವಿಕಿರಣ ಚಿಕಿತ್ಸೆ ಮುಗಿಸಿಕೊಂಡು ಊರಿಗೆ ಹೋಗಿದ್ದರು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಿಕೊಳ್ಳಬೇಕಿತ್ತು. ಒಂದೆರಡು ಸಲ ಬಂದರು, ಆಮೇಲೆ ನಿಂತುಹೋದರು. ಜವಾಬು ಕಾರ್ಡು ಇಟ್ಟು ಕಳಿಸಿದ ಕಾಗದಗಳಿಗೂ ಉತ್ತರವಿರಲಿಲ್ಲ.

ಅದು ಎಂಬತ್ತರ ದಶಕದ ಆರಂಭ. ನಾನು ಆ ಆಸ್ಪತ್ರೆಯಲ್ಲಿ ಕಿರಿಯ ಫಿಜಿಸಿಸ್ಟ್ ಆಗಿದ್ದೆ. ಯಾವ ಜಾಗಕ್ಕೆ ಎಷ್ಟು ವಿಕಿರಣ ಬೇಕೆಂದು ಡಾಕ್ಟರು ಹೇಳುತ್ತಾರೆ. ಅಷ್ಟು ಅಲ್ಲಿಗೆ ತಲುಪಬೇಕಾದರೆ ಯಂತ್ರದ ಬಾಯಿ ಎಷ್ಟು ನಿಮಿಷ, ಎಷ್ಟು ಸೆಕೆಂಡು ತೆರೆದಿರಬೇಕೆಂದು ಲೆಕ್ಕ ಹಾಕುವುದು ನನ್ನ ಕೆಲಸ. ಪ್ರತಿ ದಿನದ ಚಾರ್ಟಿಗೆ ನನ್ನ ಸಹಿ ಬಿದ್ದ ಮೇಲೆಯೇ ಯಂತ್ರ ನಡೆಸುವ ಟೆಕ್ನೀಷಿಯನ್ ಗುಂಡಿ ಒತ್ತುತ್ತಿದ್ದರು.

ಆಗ ನಾವು ಎರಡು ಬಗೆಯ ಚಿಕಿತ್ಸೆಯನ್ನು ಹೋಲಿಸಿ ನೋಡುತ್ತಿದ್ದೆವು. ಒಂದಕ್ಕೆ ನಮ್ಮಲ್ಲಿ ಉದ್ದ ಪಟ್ಟಿ ಎನ್ನುತ್ತಿದ್ದರು: ವಾರಕ್ಕೆ ಐದು ದಿನದಂತೆ ಐದು ವಾರ, ವಿಕಿರಣದ ಆಗಿನ ಅಳತೆಯಲ್ಲಿ ದಿನಕ್ಕೆ ಇನ್ನೂರು ರ‍್ಯಾಡ್. ಇನ್ನೊಂದು ಗಿಡ್ಡ ಪಟ್ಟಿ: ಮಂಗಳವಾರ ಮತ್ತು ಶುಕ್ರವಾರ ಮಾತ್ರ, ಮೂರೇ ವಾರ, ಒಟ್ಟು ಆರು ಸಲ. ಆದರೆ ಒಂದೊಂದು ಸಲಕ್ಕೂ ಐನೂರೈವತ್ತರ ಹತ್ತಿರ. ಉದ್ದ ಪಟ್ಟಿಗೆ ಸಮನಾಗಬೇಕಾದರೆ ಗಿಡ್ಡ ಪಟ್ಟಿಯಲ್ಲಿ ಎಷ್ಟು ಕೊಡಬೇಕೆಂದು ಹೇಳುವ ಒಂದು ಸೂತ್ರವಿತ್ತು. ಆಗ ಎಲ್ಲರೂ ಅದನ್ನೇ ಬಳಸುತ್ತಿದ್ದರು. ಲಾಗರಿದಂ ಪುಸ್ತಕ ಮುಂದಿಟ್ಟುಕೊಂಡು ಆ ಸೂತ್ರದಿಂದ ನಮ್ಮ ಅಂಕಿಯನ್ನು ತೆಗೆದುಕೊಟ್ಟವಳು ನಾನು.

ಗಿಡ್ಡ ಪಟ್ಟಿಯ ಯೋಚನೆ ನಮ್ಮ ಮುಖ್ಯ ವೈದ್ಯರದು. ಅದರ ಹಿಂದಿದ್ದ ಕಾಳಜಿ ನಿಜವಾದದ್ದು. ಐದು ವಾರ ಬೆಂಗಳೂರಿನಲ್ಲಿ ಇರಲಾಗದೆ ಎರಡನೇ ವಾರಕ್ಕೇ ಗಂಟು ಕಟ್ಟಿಕೊಂಡು ಹೊರಟುಹೋದ ಹೆಂಗಸರನ್ನು ಅವರು ಬಹಳ ಕಂಡಿದ್ದರು. ಅರ್ಧ ಚಿಕಿತ್ಸೆ ಎಂದರೆ ಚಿಕಿತ್ಸೆ ಇಲ್ಲದ ಹಾಗೆಯೇ. ಗಿಡ್ಡ ಪಟ್ಟಿಯವರಲ್ಲಿ ಗೆಡ್ಡೆ ಕರಗುವುದು ಚೆನ್ನಾಗಿಯೇ ಕಾಣುತ್ತಿತ್ತು. ಹಾಗಾಗಿ ಅಧ್ಯಯನದ ಮೊದಲ ತಂಡ ಮುಗಿಯುತ್ತಲೇ, ದೂರದ ಊರಿನಿಂದ ಬಂದವರಿಗೆ ಅದನ್ನೇ ಕೊಡಲು ಶುರು ಮಾಡಿದ್ದರು. ಪತ್ತೆಯಿಲ್ಲದ ಆರು ಜನರ ಬಗ್ಗೆ ಅವರ ಅಭಿಪ್ರಾಯ ಸರಳವಾಗಿತ್ತು: ಚೆನ್ನಾಗಿದ್ದಾರೆ, ಅದಕ್ಕೇ ಬಂದಿಲ್ಲ. ಆದರೂ ವರದಿ ಕಳಿಸುವ ಮುಂಚೆ ಹುಡುಕಿ ನೋಡಬೇಕಿತ್ತು. ಹೆಂಗಸರ ಹತ್ತಿರ ಮಾತಾಡಲು ಹೆಂಗಸೇ ಆಗಬೇಕೆಂದು ನನ್ನನ್ನು ಐದು ದಿನಕ್ಕೆ ಕಳಿಸಿದರು.

ಸೋಮವಾರ ಕಡೂರಿನಲ್ಲಿ ಇಳಿದಾಗ ಶಿಬಿರದ ದಿನಗಳಲ್ಲಿ ನೆರವಾಗಿದ್ದ ನರ್ಸಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ತರೀಕೆರೆಯವರು, ಐವತ್ತರ ಹತ್ತಿರದ ವಯಸ್ಸು. ಆ ಸೀಮೆಯ ಹಳ್ಳಿಗಳಲ್ಲಿ ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದ್ದವರು. ನನ್ನ ಕೈಯಲ್ಲಿದ್ದ ಫಾರಂಗಳನ್ನು ನೋಡಿ, ಇಷ್ಟೊಂದು ಪ್ರಶ್ನೆ ಕೇಳಬೇಡಿ, ಮೊದಲು ಒಂದು ಲೋಟ ನೀರು ಕೇಳಿ ಎಂದರು.

ಮೊದಲು ಪಂಚನಹಳ್ಳಿ. ಉದ್ದ ಪಟ್ಟಿಯಲ್ಲಿ ಚಿಕಿತ್ಸೆ ಪಡೆದಾಕೆ ಮನೆಯ ಮುಂದೆ ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದಳು. ನಮ್ಮನ್ನು ನೋಡಿ ನಕ್ಕಳು. ಕಾರ್ಡು ಬಂದಿತ್ತಂತೆ, ಮೈಯಲ್ಲಿ ಏನೂ ಇಲ್ಲದ ಮೇಲೆ ಯಾಕೆ ಅಷ್ಟು ದೂರ ಎಂದು ಸುಮ್ಮನಿದ್ದಳಂತೆ. ನಮ್ಮ ಡಾಕ್ಟರು ಹೇಳಿದ್ದು ಸರಿ ಎಂದುಕೊಂಡೆ. ಕಡೂರಿನ ಇನ್ನೊಬ್ಬಾಕೆ ಕಾಯಿಲೆ ಶ್ವಾಸಕೋಶಕ್ಕೆ ಏರಿ ತೀರಿಕೊಂಡಿದ್ದಳು. ಅವಳದೂ ಉದ್ದ ಪಟ್ಟಿಯೇ. ಅವಳ ಗಂಡ ನಮ್ಮನ್ನು ಒಳಗೆ ಕರೆದು ಕೂರಿಸಿ, ಅವಳು ಹೋದ ವಾರವನ್ನು ಜ್ಞಾಪಿಸಿಕೊಂಡು ಹೇಳಿದ. ಬರೆದುಕೊಂಡೆ.

ಮಂಗಳವಾರ ಹೆಬ್ಬೆಯ ಕಡೆಯ ಕಾಫಿ ತೋಟಕ್ಕೆ ಹೋದೆವು. ಜೀಪು ಒಂದು ಕಡೆ ನಿಂತ ಮೇಲೆ ಒಂದೂವರೆ ಗಂಟೆ ನಡೆದು ತಲುಪಿದರೆ ಕೂಲಿಲೈನಿನ ಆ ಮನೆಗೆ ಬೀಗ. ಕೆಲಸ ಹುಡುಕಿಕೊಂಡು ಇಡೀ ಸಂಸಾರ ಬೇರೆ ತೋಟಕ್ಕೆ ಹೋಗಿತ್ತು. ಯಾವ ತೋಟ ಎಂದು ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ. ಆಕೆಯನ್ನು ನಾನು ಮುಂದೆಯೂ ಕಾಣಲಿಲ್ಲ.

ಇಳಿದು ಬಂದು ಸಂಜೆಗೆ ಮುಂಚೆ ತರೀಕೆರೆಯಲ್ಲಿ ನಾಲ್ಕನೆಯವಳ ಮನೆಗೆ ಹೋದೆವು. ಗಿಡ್ಡ ಪಟ್ಟಿಯವಳು. ಗಂಡ ಮತ್ತು ಬೆಳೆದ ಮಗ ಪಡಸಾಲೆಯಲ್ಲಿಯೇ ಕೂತಿದ್ದರು. ಹೇಗಿದ್ದೀರಿ ಎಂದೆ, ಚೆನ್ನಾಗಿದ್ದೀನಿ ಎಂದಳು. ರಕ್ತ ಹೋಗುತ್ತದೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದೆ, ಇಲ್ಲ ಎಂದು ತಲೆಯಾಡಿಸಿದಳು. ಫಾರಂನಲ್ಲಿ ‘ಆರೋಗ್ಯ’ ಎಂದು ಗುರುತು ಹಾಕಿದೆ. ಹೊರಗೆ ಬಂದ ಮೇಲೆ ನರ್ಸಮ್ಮ, ನಾವು ಇದ್ದಷ್ಟು ಹೊತ್ತೂ ಆಕೆ ಕೂರಲೇ ಇಲ್ಲ, ಗೋಡೆಗೆ ಒರಗಿ ನಿಂತೇ ಇದ್ದಳು, ನೋಡಿದಿರಾ ಎಂದು ಕೇಳಿದರು. ನಾನು ನೋಡಿರಲಿಲ್ಲ. ಫಾರಂ ತುಂಬುತ್ತಿದ್ದೆ.

ಬುಧವಾರ ಅಜ್ಜಂಪುರ. ಐದನೆಯವಳು ಈರುಳ್ಳಿ, ಕಾಳು ವ್ಯಾಪಾರದ ಮನೆತನದ ಸೊಸೆ. ಇನ್ನೂ ನಲವತ್ತಾಗಿರಲಿಲ್ಲ. ಅವಳಿಗೂ ಗಿಡ್ಡ ಪಟ್ಟಿ ಕೊಟ್ಟಿದ್ದೆವು. ಅತ್ತೆ ನಮ್ಮನ್ನು ಆದರದಿಂದ ಕೂರಿಸಿದರು. ಸೊಸೆಗೆ ಸುಸ್ತು, ಮಠಕ್ಕೂ ಬರುವುದು ಬಿಟ್ಟಿದ್ದಾಳೆ, ಬೇರೆ ಏನಿಲ್ಲ ಎಂದರು. ನರ್ಸಮ್ಮ ಕೈಕಾಲು ತೊಳೆದುಕೊಂಡು ಬರುತ್ತೇನೆಂದು ಹಿತ್ತಲಿಗೆ ಹೋದರು. ಹಿಂತಿರುಗಿ ಬಂದವರು ಅತ್ತೆಯ ಹತ್ತಿರ, ಸೊಸೆಯ ಕೋಣೆಯಲ್ಲಿ ನಾವು ಮೂವರೇ ಸ್ವಲ್ಪ ಮಾತಾಡುತ್ತೇವೆ ಎಂದು ಕೇಳಿಕೊಂಡರು. ಹಿತ್ತಲಿನಲ್ಲಿ ಹಳೇ ಸೀರೆಯ ತುಂಡುಗಳು ಸಾಲಾಗಿ ಒಣಗಿದ್ದವಂತೆ. ಎಷ್ಟು ಒಗೆದರೂ ಕಲೆ ಹೋಗಿರಲಿಲ್ಲವಂತೆ.

ಬಾಗಿಲು ಹಾಕಿದ ಮೇಲೆ ನರ್ಸಮ್ಮ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಮುಂದಿನಿಂದ ಹೋಗ್ತದೋ ಹಿಂದಿನಿಂದಲೋ ಎಂದು ಕೇಳಿದರು. ನನ್ನ ಫಾರಂನಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

“ಹಿಂದ್ಲಿಂದ,” ಎಂದಳು. “ಕೂತ್ರೆ ನೋವು, ಎದ್ರೆ ರಕ್ತ. ಎಂಟು ತಿಂಗ್ಳಾಯ್ತು. ಕಾಯಿಲೆ ವಾಪಸ್ ಬಂದಿದೆ ಅಂತ ಗೊತ್ತಾಯ್ತು. ಇನ್ನೇನ್ ತೋರಿಸ್ಕಳಾದು ಅಂತ ಸುಮ್ನಾದೆ.”

ಚಿಕಿತ್ಸೆ ಮುಗಿದು ವರ್ಷವಾಗುವ ಹೊತ್ತಿಗೆ ಶುರುವಾಗಿತ್ತು. ಗೆಡ್ಡೆ ಮರಳಿ ಬಂದಿರಬಹುದು, ಇಲ್ಲವೇ ಇನ್ನೊಂದು ಇರಬಹುದು. ಆ ಇನ್ನೊಂದನ್ನು ಯೋಚಿಸಲು ನನಗೆ ಹೆದರಿಕೆಯಾಯಿತು. ಗರ್ಭಕೋಶದ ಬಾಯಿಗೆ ಅಂಟಿಕೊಂಡಂತೆ ಹಿಂದೆ ಇರುವುದು ಮಲದ ಕರುಳು. ಅಲ್ಲಿಗೆ ಗುರಿಯಿಟ್ಟ ವಿಕಿರಣ ಕರುಳಿಗೂ ಬೀಳುತ್ತದೆ. ಎಷ್ಟು ಬಿದ್ದರೆ ಅದು ತಾಳುತ್ತದೆ ಎನ್ನುವುದು ಆ ಸೂತ್ರದ ಮೇಲೆ ನಿಂತಿತ್ತು.

ತರೀಕೆರೆಯಲ್ಲಿ ನರ್ಸಮ್ಮನಿಗೆ ಪರಿಚಯದ ಒಬ್ಬ ಲೇಡಿ ಡಾಕ್ಟರ್ ಇದ್ದರು, ಸ್ವಂತ ಕ್ಲಿನಿಕ್ಕಿನವರು. ಅತ್ತೆಯನ್ನು ಒಪ್ಪಿಸಿ, ಆ ಮನೆಯ ಕಾರಿನಲ್ಲಿಯೇ ಮಧ್ಯಾಹ್ನ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ನಿನ್ನೆ ‘ಆರೋಗ್ಯ’ ಎಂದು ಬರೆದ ಮನೆಗೆ ನರ್ಸಮ್ಮ ಒಬ್ಬರೇ ಹೋಗಿ, ಗಂಡ ಮಗ ಇಲ್ಲದ ಹೊತ್ತು ನೋಡಿ ಆಕೆಯನ್ನೂ ಕರೆತಂದರು. ಲೇಡಿ ಡಾಕ್ಟರ್ ಇಬ್ಬರನ್ನೂ ನಿಧಾನವಾಗಿ ಪರೀಕ್ಷಿಸಿದರು. ಕೈ ತೊಳೆಯುತ್ತಾ ನನ್ನನ್ನು ಒಳಗೆ ಕರೆದರು.

“ಗೆಡ್ಡೆ ಇಬ್ಬರಿಗೂ ಇಲ್ಲ. ನಿಮ್ಮ ಚಿಕಿತ್ಸೆ ಅದನ್ನ ಪೂರ್ತಿ ತೆಗೆದಿದೆ,” ಎಂದರು. “ಆದರೆ ಕರುಳಿನ ಮುಂದಿನ ಗೋಡೆ ಚಕ್ಕಳದ ಹಾಗೆ ಗಟ್ಟಿಯಾಗಿದೆ. ನಡುವೆ ಹುಣ್ಣು. ಸುಟ್ಟ ಜಾಗ ಹೆಂಗಿರುತ್ತೋ ಹಂಗೆ. ಏನು ಕೊಟ್ರಿ ಇವರಿಗೆ?”

ನಾನು ಅಂಕಿ ಹೇಳಿದೆ. ಅವರಿಗೆ ಆ ಅಂಕಿಯಿಂದ ಏನೂ ಗೊತ್ತಾಗುವಂತಿರಲಿಲ್ಲ.

ಆ ಸಂಜೆ ಇಬ್ಬರ ಚಾರ್ಟಿನ ನಕಲುಗಳನ್ನು ಹರಡಿಕೊಂಡು ಎಲ್ಲಾ ಲೆಕ್ಕವನ್ನೂ ಮತ್ತೆ ಮಾಡಿದೆ. ಕೋಬಾಲ್ಟಿನ ಶಕ್ತಿ ತಿಂಗಳು ತಿಂಗಳಿಗೂ ಕುಗ್ಗುತ್ತದೆ. ಅದನ್ನು ಸರಿಯಾಗಿಯೇ ಹಿಡಿದಿದ್ದೆ. ಹೊಟ್ಟೆಯ ದಪ್ಪ ಸರಿ, ನಿಮಿಷ ಸೆಕೆಂಡು ಸರಿ. ತಪ್ಪು ಸಿಕ್ಕಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬುಕ್ಕಾಂಬುಧಿಗೆ ಹೋದೆವು. ಕೊನೆಯ ಹೆಸರು ಅಲ್ಲಿಯದು. ಕೆರೆಯ ಏರಿಯ ಕೆಳಗೆ ಮನೆ. ಸುಮಾರು ಐವತ್ತೈದು ವಯಸ್ಸಿನ ಗಟ್ಟಿ ಹೆಂಗಸು, ವಿಧವೆ, ಹೊಲ ತಾನೇ ನೋಡಿಕೊಳ್ಳುವವಳು. ಈ ಸಲ ನಾನು ಫಾರಂ ತೆಗೆಯಲಿಲ್ಲ. ನೀರು ಕುಡಿದು, ನರ್ಸಮ್ಮ ಕೇಳಿದ ಪ್ರಶ್ನೆಯನ್ನೇ ಕೇಳಿದೆ. ಆಕೆ ಮುಖ ತಿರುಗಿಸಿಕೊಳ್ಳಲಿಲ್ಲ. ಹೌದು, ಆರು ತಿಂಗಳಿಂದ ರಕ್ತ ಹೋಗುತ್ತಿದೆ ಎಂದಳು. ಯಾಕೆ ಬರಲಿಲ್ಲ ಎಂದಾಗ ಮಾತ್ರ ಒಮ್ಮೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

ಅವಳ ತಂಗಿಗೂ ಅದೇ ಕಾಯಿಲೆ ಕಾಣಿಸಿಕೊಂಡಿತ್ತು. ಆಸ್ಪತ್ರೆಗೆ ಹೋಗಲು ಹೆದರಿ ಕೂತಿದ್ದ ತಂಗಿಗೆ, ಮೂರೇ ವಾರ, ಆರೇ ಸಲ, ನನ್ನನ್ನು ನೋಡು ಎಂದು ಧೈರ್ಯ ಹೇಳಿ ಇವಳೇ ಕಳಿಸಿದ್ದಳು.

“ನಂಗೆ ಹಿಂಗಾಗೈತೆ ಅಂತ ಹೇಳಿದ್ರೆ ಅವ್ಳು ಹೋಗ್ತಿರ್ಲಿಲ್ಲ. ಮನೇಲೇ ಸಾಯ್ತಿದ್ಲು,” ಎಂದಳು. “ಈಗ ಅಲ್ಲವ್ಳೆ, ಬೆಂಗ್ಳೂರಲ್ಲಿ. ಮೊನ್ನೆಗೆ ಮೂರು ಸಲ ಆಗಿರ್ಬೇಕು. ಅವ್ಳಿಗೆ ಹೇಳ್ಬೇಡ ಕಣವ್ವ.”

ನನಗೆ ಆ ತಂಗಿಯ ನೆನಪಿತ್ತು. ಸಣಕಲು ಮೈಯವಳು, ಅಳತೆ ತೆಗೆಯುವಾಗ ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಚಾರ್ಟಿನ ಲೆಕ್ಕ ನನ್ನದೇ. ನಾಲ್ಕನೆಯ ಸಲ ನಾಳೆ, ಶುಕ್ರವಾರ.

ಏನಾದರೂ ಸುಳಿವು ಸಿಗಬಹುದೆಂದು, ಅಲ್ಲಿದ್ದ ಮೂರು ವಾರ ಮೈ ಹೇಗಿತ್ತು ಎಂದು ಅಕ್ಕನನ್ನು ಕೇಳಿದೆ. ಆಕೆ ಯೋಚನೆಯನ್ನೇ ಮಾಡದೆ ಉತ್ತರ ಕೊಟ್ಟಳು.

“ಬೋರಲು ಮಲಗಿಸಿದ ದಿನ ಸಂಜೆಗೆಲ್ಲ ಹೊಟ್ಟೆ ನುಲಿಯೋದು ಕಣವ್ವ. ನಾಕೈದು ಸಲ ಹೊರಕ್ಕೆ ಓಡೋದು. ಅಂಗಾತ ಮಲಗಿಸಿದ ದಿನ ಏನೂ ಇರ್ತಿರ್ಲಿಲ್ಲ. ಮೂರು ಸಲ ಹಂಗೆ, ಮೂರು ಸಲ ಹಿಂಗೆ. ನಾನು ಲೆಕ್ಕ ಇಟ್ಕಂಡಿದ್ದೆ.”

“ಅಲ್ಲಿ ಯಾರಿಗಾದ್ರೂ ಹೇಳಿದ್ರಾ ಅಮ್ಮಾ?”

“ಯಾರು ಕೇಳಿದ್ರು? ಅಲ್ಲಾಡ್ಬೇಡ ಅಂದ್ರು. ಅಲ್ಲಾಡ್ಲಿಲ್ಲ.”

ನಾನು ಎದ್ದು ಹೊರಗೆ ಬಂದೆ. ಜಗುಲಿಯ ಮೇಲೆ ಕೂತು ಚೀಲದಿಂದ ಗ್ರಾಫ್ ಕಾಗದ ತೆಗೆದೆ. ನಮ್ಮ ಯಂತ್ರ ಹಳೆಯದು, ಅದರ ತಲೆ ಮೇಲಿನಿಂದ ಕೆಳಕ್ಕೆ ಮಾತ್ರ ನೋಡುತ್ತಿತ್ತು. ಬೆನ್ನ ಕಡೆಯಿಂದ ಕೊಡಬೇಕಾದರೆ ರೋಗಿಯನ್ನೇ ಬೋರಲು ಮಲಗಿಸಬೇಕು. ಉದ್ದ ಪಟ್ಟಿಯವರಿಗೆ ದಿನವೂ ಅರ್ಧ ಮುಂದಿನಿಂದ, ಅರ್ಧ ಹಿಂದಿನಿಂದ ಕೊಡುತ್ತಿದ್ದೆವು. ಗಿಡ್ಡ ಪಟ್ಟಿಯವರಿಗೆ ಒಂದೊಂದು ಸಲಕ್ಕೂ ಬಹಳ ಹೊತ್ತು ಹಿಡಿಯುತ್ತಿತ್ತು. ಹೊರಗೆ ಸಾಲು, ಇರುವುದು ಒಂದೇ ಯಂತ್ರ. ಹಾಗಾಗಿ ಮಂಗಳವಾರ ಪೂರ್ತಿ ಮುಂದಿನಿಂದ, ಶುಕ್ರವಾರ ಪೂರ್ತಿ ಹಿಂದಿನಿಂದ ಎಂದು ಮಾಡಿಕೊಂಡಿದ್ದೆವು. ಮೂರು ವಾರದ ಸರಾಸರಿ ಒಂದೇ ಆಗುತ್ತದಲ್ಲ ಎಂದು ನಾನೂ ಒಪ್ಪಿದ್ದೆ.

ಸರಾಸರಿ ಒಂದೇ. ಆದರೆ ನಾನು ಲೆಕ್ಕ ಹಾಕಿದ್ದು ಮೈಯ ನಟ್ಟನಡುವಿಗೆ. ಮಲದ ಕರುಳು ಇರುವುದು ಬೆನ್ನಿಗೆ ಹತ್ತಿರ. ಬೋರಲು ಮಲಗಿಸಿದ ದಿನ ಅದಕ್ಕೆ ನಡುವಿಗಿಂತ ಮೂರರಲ್ಲೊಂದು ಪಾಲು ಹೆಚ್ಚೇ ಬೀಳುತ್ತಿತ್ತು. ದಿನಕ್ಕೆ ಇನ್ನೂರು ಕೊಡುವಾಗ ಆ ವ್ಯತ್ಯಾಸವನ್ನು ಮೈ ತಾಳಿಕೊಳ್ಳಬಹುದು. ಐನೂರೈವತ್ತರ ಮೇಲೆ ಇನ್ನೂ ಮೂರರಲ್ಲೊಂದು ಪಾಲು ಸೇರಿ ಒಂದೇ ಏಟಿಗೆ ಬಿದ್ದಾಗ, ಸುಧಾರಿಸಿಕೊಳ್ಳುವುದಕ್ಕೆ ಕರುಳಿಗೆ ಶಕ್ತಿ ಎಲ್ಲಿಂದ ಬರಬೇಕು? ಸೂತ್ರ ಚರ್ಮದ ಗಾಯಗಳನ್ನು ನೋಡಿ ಮಾಡಿದ್ದು. ತಿಂಗಳುಗಟ್ಟಲೆ ಕಾದು ಆಮೇಲೆ ಕೆಡುವ ಕರುಳಿನ ವಿಷಯ ಅದಕ್ಕೆ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನಾವು ಯಾರೂ ಕಾಣದ್ದನ್ನು ಈ ಹೆಂಗಸು ತನ್ನ ಹೊಟ್ಟೆಯಲ್ಲಿ ಎಣಿಸಿ ಇಟ್ಟುಕೊಂಡಿದ್ದಳು.

ನಾಳೆ ಅವಳ ತಂಗಿಯನ್ನು ಬೋರಲು ಮಲಗಿಸುವ ದಿನ.

ಅಜ್ಜಂಪುರದ ಅಂಚೆ ಕಚೇರಿಗೆ ಬಂದು ಬೆಂಗಳೂರಿಗೆ ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿದಾಗ ಹತ್ತೂವರೆ. ಕಡೂರಿನಿಂದ ರೈಲು ಮಧ್ಯಾಹ್ನ. ಹನ್ನೊಂದೂಕಾಲಾದರೂ ಲೈನ್ ಸಿಗಲಿಲ್ಲ. ಮನಿಆರ್ಡರಿಗೆ ಬಂದವರು, ಸ್ಟ್ಯಾಂಪಿಗೆ ಬಂದವರು ಸುತ್ತ ನಿಂತಿದ್ದರು. ನರ್ಸಮ್ಮ ಬಾಗಿಲ ಹತ್ತಿರ ಬಸ್ಸು ಕಾಯುತ್ತಾ ನನ್ನ ಕಡೆ ನೋಡುತ್ತಿದ್ದರು. ಕೊನೆಗೆ ಪೋಸ್ಟ್‌ಮಾಸ್ಟರು ಕೈ ಎತ್ತಿ ಕರೆದರು.

ಮುಖ್ಯ ವೈದ್ಯರೇ ಸಿಕ್ಕಿದರು. ಸುತ್ತಲಿದ್ದವರಿಗೆ ತಿಳಿಯಬಾರದೆಂದು ಇಂಗ್ಲಿಷಿನಲ್ಲಿ ಮೂವರ ಸ್ಥಿತಿ ಹೇಳಿದೆ. ಲೈನಿನಲ್ಲಿ ಗೊರಗೊರ ಸದ್ದು, ಒಂದೊಂದು ಮಾತನ್ನೂ ಎರಡೆರಡು ಸಲ ಕೂಗಬೇಕಾಯಿತು. ನಾಳೆಯ ಚಿಕಿತ್ಸೆ ತಡೆಯಿರಿ ಎಂದೆ. ಅವರು ಒಪ್ಪಲಿಲ್ಲ. ಬಯಾಪ್ಸಿ ಇಲ್ಲದೆ, ಹಳ್ಳಿಯ ಒಂದು ಕ್ಲಿನಿಕ್ಕಿನ ಮಾತಿನ ಮೇಲೆ ಒಂದು ಹೆಂಗಸಿನ ಚಿಕಿತ್ಸೆಯನ್ನು ನಡುವೆ ನಿಲ್ಲಿಸಲಾಗುವುದಿಲ್ಲ, ನಿಲ್ಲಿಸಿದರೆ ಗೆಡ್ಡೆ ಚಿಗುರುತ್ತದೆ, ನೀವು ಡಾಕ್ಟರಲ್ಲ, ಬಂದ ಮೇಲೆ ಮಾತಾಡೋಣ ಎಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಉತ್ತರ ಕೊಡುವುದರೊಳಗೆ ಟ್ರಂಕ್ ಕಾಲಿನ ಮೂರು ನಿಮಿಷ ಮುಗಿದು ಲೈನ್ ಹೋಯಿತು.

ಶುಕ್ರವಾರದ ಚಾರ್ಟಿಗೆ ನನ್ನ ಸಹಿಯನ್ನು ಹೊರಡುವ ಮುಂಚೆಯೇ ಹಾಕಿಟ್ಟು ಬಂದಿದ್ದೆ. ಇಡೀ ವಾರದ್ದಕ್ಕೂ ಒಟ್ಟಿಗೆ ಹಾಕಿದ್ದೆ. ಅದು ನೆನಪಾದದ್ದು ಆಗಲೇ. ಅಲ್ಲಿಯೇ ಕೌಂಟರಿಗೆ ಒರಗಿ ನಿಂತೆ. ಹಾಕಿದ ಸಹಿ ವಾಪಸು ತೆಗೆದುಕೊಳ್ಳುವುದೆಂದರೆ ಡಾಕ್ಟರ ಮಾತನ್ನು ಮೀರುವುದು. ಕೆಲಸ ಹೋಗಬಹುದು, ಅದು ಒಂದು ಕಡೆ. ನನ್ನ ಲೆಕ್ಕವೇ ತಪ್ಪಾಗಿದ್ದು ಗೆಡ್ಡೆ ಮತ್ತೆ ಬೆಳೆದರೆ? ಆ ಸಣಕಲು ಹೆಂಗಸು ಅದಕ್ಕೆ ಏನು ಬೆಲೆ ತೆರಬೇಕಾಗುತ್ತದೆ?

ಎರಡನೆಯ ಕಾಲ್ ಬುಕ್ ಮಾಡಿದೆ, ಯಂತ್ರದ ಕೋಣೆಗೆ. ಹನ್ನೆರಡಕ್ಕೆ ಸಿಕ್ಕಿತು. ಟೆಕ್ನೀಷಿಯನ್ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಮಾತು ಕಡಿಮೆ. ಆ ತಂಗಿಯ ನಾಳೆಯ ಚಾರ್ಟಿನಲ್ಲಿರುವ ನನ್ನ ಸಹಿಯನ್ನು ಹೊಡೆದುಹಾಕಿ, ನಾನು ಬರುವವರೆಗೆ ಆಕೆಯನ್ನು ಯಂತ್ರದ ಕೆಳಗೆ ಮಲಗಿಸಬೇಡಿ ಎಂದೆ.

“ದೊಡ್ಡ ಡಾಕ್ಟ್ರು ಹೇಳಿದಾರಾ ಮೇಡಂ?”

“ಇಲ್ಲ. ನಾನು ಹೇಳ್ತಿದೀನಿ.”

“ಸಹಿ ಇಲ್ಲದ ಚಾರ್ಟು ನಾನು ಮುಟ್ಟಲ್ಲ,” ಎಂದರು. “ಬೇಗ ಬನ್ನಿ.”

ನರ್ಸಮ್ಮ ಅಜ್ಜಂಪುರದಲ್ಲಿಯೇ ಉಳಿದರು, ಮೂವರನ್ನೂ ಬೆಂಗಳೂರಿಗೆ ಕರೆತರುವ ಏರ್ಪಾಡು ಮಾಡುವುದಕ್ಕೆ. ನಾನು ಕಡೂರಿಗೆ ಬಂದು ರೈಲು ಹತ್ತಿದೆ. ಅರಸೀಕೆರೆ ದಾಟುವವರೆಗೂ ಒಂದೇ ಪ್ರಶ್ನೆ. ನಿಲ್ಲಿಸುವುದಲ್ಲ, ಬದಲಾಯಿಸುವುದಾದರೆ ಉಳಿದದ್ದನ್ನು ಎಷ್ಟು ಕೊಡಬೇಕು? ಅದನ್ನು ಹೇಳಬಲ್ಲ ಸೂತ್ರ ನನ್ನ ಹತ್ತಿರ ಒಂದೇ ಇತ್ತು, ಅದನ್ನು ನಂಬುವಂತಿರಲಿಲ್ಲ. ಕೊನೆಗೆ ಸೂತ್ರ ಬದಿಗಿಟ್ಟು ಹೀಗೆ ನೋಡಿದೆ: ಮೂರು ದೊಡ್ಡ ಏಟು ಬಿದ್ದಿವೆ, ಅದರಲ್ಲಿ ಹಿಂದಿನಿಂದ ಬಿದ್ದದ್ದು ಒಂದು. ಕರುಳಿನ ತಾಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿದಿದೆ ಎಂದುಕೊಂಡರೆ ಉಳಿಯುವುದು ಹನ್ನೆರಡು ದಿನ, ದಿನಕ್ಕೆ ಇನ್ನೂರು, ದಿನವೂ ಎರಡು ಕಡೆಯಿಂದ. ಆಮೇಲೆ ಎಲ್ಲರಿಗೂ ಇಡುವಂತೆ ಗರ್ಭಕೋಶದ ಒಳಗೆ ರೇಡಿಯಂ ಕೊಳವೆ. ಹದಿನೈದು ಎಂದೂ ಬರೆದೆ, ಹತ್ತು ಎಂದೂ ಬರೆದೆ. ಹನ್ನೆರಡರ ಸುತ್ತ ಗೆರೆ ಎಳೆಯುವಾಗ ನಾನು ವಿಜ್ಞಾನ ಮಾಡುತ್ತಿದ್ದೇನೆಂದು ಅನ್ನಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೇ ಆಸ್ಪತ್ರೆಗೆ ಹೋದೆ. ಟೆಕ್ನೀಷಿಯನ್ ನನಗಿಂತ ಮೊದಲೇ ಬಂದಿದ್ದರು. ಮೈಯ ಬದಲು ಅಳತೆಗೆ ಬಳಸುವ ಮೇಣದ ಹಲಗೆಗಳನ್ನು ಹೊಟ್ಟೆಯ ದಪ್ಪಕ್ಕೆ ಒಂದರ ಮೇಲೊಂದು ಜೋಡಿಸಿದೆವು. ವಿಕಿರಣ ಅಳೆಯುವ ಬೆರಳುದ್ದದ ಕೊಳವೆಯನ್ನು ಮೊದಲು ನಟ್ಟನಡುವೆ ಇಟ್ಟು ಓದಿದೆವು. ಆಮೇಲೆ ಮೇಲಿನಿಂದ ಆರು ಸೆಂಟಿಮೀಟರ್ ಕೆಳಗೆ, ಬೋರಲು ಮಲಗಿದಾಗ ಕರುಳು ಇರುವ ಜಾಗದಲ್ಲಿ. ಮೀಟರಿನ ಮುಳ್ಳು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿತ್ತು. ಹೋಗದಿದ್ದರೆ ಸಾಕು ಎಂದು ಆಸೆಯೂ ಇತ್ತು. ಅದು ಗ್ರಾಫ್ ಕಾಗದದಲ್ಲಿ ನಾನು ಗುರುತು ಮಾಡಿದ್ದಲ್ಲಿಗೇ ಹೋಗಿ ನಿಂತಿತು. ಟೆಕ್ನೀಷಿಯನ್ ಎರಡನೇ ಸಲ ಓದಿದರು, ಮೂರನೇ ಸಲವೂ ಓದಿದರು. ಅದೇ.

ಒಂಬತ್ತಕ್ಕೆ ಮುಖ್ಯ ವೈದ್ಯರ ಕೋಣೆಯಲ್ಲಿ ನಿಂತಿದ್ದೆ. ಸಹಿ ಹೊಡೆದುಹಾಕಿದ ಚಾರ್ಟು ಅವರ ಮೇಜಿನ ಮೇಲಿತ್ತು.

“ಮೂರು ಜನ,” ಎಂದರು. “ಮೂರು ಜನರನ್ನ ಇಟ್ಕೊಂಡು ನಿರ್ಣಯಕ್ಕೆ ಬರ್ತೀರಾ?”

“ಗಿಡ್ಡ ಪಟ್ಟಿಯವರಲ್ಲಿ ನನಗೆ ಸಿಕ್ಕಿದ್ದು ಮೂರೇ ಜನ ಸರ್. ಮೂವರಿಗೂ ಇದೆ.”

“ಅಂಕಿ ತೆಗೆದುಕೊಟ್ಟೋರು ನೀವು. ಈಗ ನೀವೇ ನಂಬಬೇಡಿ ಅಂತೀರಿ.”

“ಹೌದು ಸರ್. ನಾನೇ ತೆಗೆದದ್ದು. ಅದಕ್ಕೇ ಹೇಳ್ತಿದೀನಿ.”

ಅವರು ಕೈ ಚಾಚಿ ಗ್ರಾಫ್ ಕಾಗದ ತೆಗೆದುಕೊಂಡರು. ಬೋರಲು ಮತ್ತು ಅಂಗಾತದ ವಿಷಯ ಹೇಳಿದೆ, ಬುಕ್ಕಾಂಬುಧಿಯ ಹೆಂಗಸು ಹೇಳಿದ ಹಾಗೆಯೇ. ಬೆಳಗಿನ ಅಳತೆಯನ್ನೂ, ಉಳಿದದ್ದಕ್ಕೆ ಹನ್ನೆರಡು ದಿನ ಎಂಬ ನನ್ನ ಅಂದಾಜನ್ನೂ ಮುಂದಿಟ್ಟೆ. ಅವರು ಪೆನ್ಸಿಲ್ ಹಿಡಿದು ಕರುಳಿನ ಆಳವನ್ನು ತಾವೇ ಅಳೆದರು, ನಾನು ಹೇಳಿದ್ದನ್ನು ಬಿಟ್ಟು ಮೊದಲಿನಿಂದ ತಾವೇ ಲೆಕ್ಕ ಹಾಕಿದರು. ಹತ್ತು ನಿಮಿಷ ಆಗಿರಬಹುದು. ಹೊರಗೆ ರೋಗಿಗಳ ಹೆಸರು ಕೂಗುವುದು ಕೇಳುತ್ತಿತ್ತು. ಪೆನ್ಸಿಲ್ ಕೆಳಗಿಟ್ಟು ಕನ್ನಡಕ ತೆಗೆದರು. ನನ್ನ ಮುಖ ನೋಡಲಿಲ್ಲ.

“ಹನ್ನೆರಡು ಅಂತ ಹೆಂಗೆ ಹೇಳ್ತೀರಿ?”

“ಖಚಿತವಾಗಿ ಹೇಳಕ್ಕಾಗಲ್ಲ ಸರ್.”

ಅವರು ಚಾರ್ಟು ಎಳೆದುಕೊಂಡು ಗಿಡ್ಡ ಪಟ್ಟಿಯ ಮೇಲೆ ಅಡ್ಡಗೆರೆ ಹಾಕಿ, ಕೆಳಗೆ ಹನ್ನೆರಡು ಎಂದು ತಮ್ಮ ಕೈಯಲ್ಲಿ ಬರೆದು ಸಹಿ ಮಾಡಿದರು. ನನ್ನ ಸಹಿಗೆ ಪಕ್ಕದಲ್ಲಿ ಜಾಗ ಬಿಟ್ಟರು. ಗಿಡ್ಡ ಪಟ್ಟಿಯಲ್ಲಿರುವ ಎಲ್ಲರ ಚಾರ್ಟನ್ನೂ ಈಗಲೇ ತನ್ನಿ ಎಂದರು.

ಇನ್ನೊಂದು ಕಷ್ಟ ಉಳಿದಿತ್ತು. ವಾರ್ಡಿಗೆ ಹೋಗಿ, ಇನ್ನು ದಿನವೂ ಬರಬೇಕು, ಎರಡೂವರೆ ವಾರ ಹಿಡಿಯುತ್ತದೆ ಎಂದಾಗ ಆ ತಂಗಿ ಹಾಸಿಗೆಯಿಂದ ಎದ್ದು ಕೂತಳು. ಮೂರು ವಾರ ಎಂದಿರಿ, ಈಗ ಬೆಳೆಸುತ್ತಿದ್ದೀರಿ, ನಾನು ಊರಿಗೆ ಹೋಗುತ್ತೇನೆ ಎಂದು ಸೀರೆ ಮಡಿಸಲು ಶುರು ಮಾಡಿದಳು.

“ನಮ್ಮಕ್ಕ ಮೂರೇ ವಾರಕ್ಕೆ ವಾಸಿಯಾಗಿ ಬಂದ್ಲು,” ಎಂದಳು. “ನಂಗ್ಯಾಕೆ ಬೇರೆ?”

ಹೇಳಬೇಡ ಎಂದು ಅಕ್ಕ ಕೇಳಿಕೊಂಡಿದ್ದಳು. ನಾನು ಮಾತು ಕೊಟ್ಟಿರಲಿಲ್ಲ. ಮಂಚದ ಅಂಚಿನಲ್ಲಿ ಕೂತು, ನಿಮ್ಮಕ್ಕನಿಗೆ ಕ್ಯಾನ್ಸರ್ ಹೋಗಿದೆ, ಆದರೆ ನಾವು ಕೊಟ್ಟ ರೀತಿಯಿಂದ ಕರುಳು ಕೆಟ್ಟಿದೆ, ನಿಮಗೆ ಹಾಗಾಗಬಾರದೆಂದು ಬದಲಾಯಿಸುತ್ತಿದ್ದೇವೆ ಎಂದು ಪೂರ್ತಿ ಹೇಳಿದೆ. ಅವಳು ಮಡಿಸಿದ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಅತ್ತಳು. ಅಕ್ಕ ಇದನ್ನೆಲ್ಲ ಒಬ್ಬಳೇ ಹೊತ್ತುಕೊಂಡಿದ್ದಳಲ್ಲ ಎಂದು ಅತ್ತಳು, ತನಗಾಗಿ ಅಲ್ಲ. ಹನ್ನೊಂದು ಗಂಟೆಗೆ ಅವಳೇ ಎದ್ದು ಯಂತ್ರದ ಕೋಣೆಗೆ ನಡೆದಳು. ಹನ್ನೆರಡೂ ದಿನ ಸಂಜೆ ಹೋಗಿ, ಹೊಟ್ಟೆ ಹೇಗಿದೆ ಎಂದು ಕೇಳಿ ಬರೆದುಕೊಂಡೆ. ನಮ್ಮ ಆಸ್ಪತ್ರೆಯ ಚಾರ್ಟಿನಲ್ಲಿ ಆ ಪ್ರಶ್ನೆಗೆ ಒಂದು ಸಾಲು ಬಂದದ್ದು ಆಗಿನಿಂದ.

ವರದಿಯನ್ನು ಮುಖ್ಯ ವೈದ್ಯರೇ ಬರೆದರು. ಗಿಡ್ಡ ಪಟ್ಟಿ ನಿಂತಿತು. ಅಜ್ಜಂಪುರದ ಸೊಸೆಗೆ ಔಷಧಿಯಲ್ಲಿ ನಿಧಾನವಾಗಿ ಕಡಿಮೆಯಾಯಿತು. ತರೀಕೆರೆಯಾಕೆಗೆ ಆಗಾಗ ರಕ್ತ ಕೊಡಬೇಕಾಗುತ್ತಿತ್ತು. ಬುಕ್ಕಾಂಬುಧಿಯ ಅಕ್ಕನ ಕರುಳು ಸರಿಹೋಗಲಿಲ್ಲ. ಆಪರೇಷನ್ ಮಾಡಿ ಹೊಟ್ಟೆಯ ಪಕ್ಕದಿಂದ ಮಲಕ್ಕೆ ದಾರಿ ಮಾಡಿ, ಅಲ್ಲಿಗೊಂದು ಚೀಲ ಕಟ್ಟಬೇಕಾಯಿತು.

ಎರಡು ವರ್ಷ ಕಳೆದ ಮೇಲೆ ನಾನು ಮತ್ತೆ ಬುಕ್ಕಾಂಬುಧಿಗೆ ಹೋದೆ. ತಂಗಿ ಅಕ್ಕನ ಮನೆಗೇ ಬಂದು ಇದ್ದಳು, ಮೈ ತುಂಬಿಕೊಂಡು ಗುರುತು ಸಿಗದಷ್ಟು ಬದಲಾಗಿದ್ದಳು. ಕಾಯಿಲೆ ಮರಳಿರಲಿಲ್ಲ, ಕರುಳೂ ಸರಿಯಿತ್ತು. ಅವಳು ಕಾಫಿಗೆ ಒಳಗೆ ಹೋದಾಗ ಅಕ್ಕ ನನ್ನ ಎದುರಿಗೆ ಗೋಡೆಗೆ ಒರಗಿ ಕೂತಳು. ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

“ಅವ್ಳಿಗೆ ಕೊಟ್ಟಂಗೇ ನಂಗೂ ಕೊಟ್ಟಿದ್ರೆ,” ಎಂದಳು, “ಇದು ಆಗ್ತಿರ್ಲಿಲ್ವಾ?”

ಆಗ ನಮಗೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ಅದೂ ನಿಜವೇ.

“ಇಲ್ಲ ಅಮ್ಮಾ,” ಎಂದೆ. “ಬಹುಶಃ ಆಗ್ತಿರ್ಲಿಲ್ಲ.”

ಆಕೆ ಎದ್ದು ಒಳಗೆ ಹೋದವಳು ಮತ್ತೆ ಬರಲಿಲ್ಲ. ಕಾಫಿ ತಂಗಿ ತಂದುಕೊಟ್ಟಳು. ಬಸ್ಸಿನ ಹೊತ್ತಾಯಿತೆಂದು ಎದ್ದು ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಅಕ್ಕನ ದನಿ ಕೇಳಿತು.

“ಮುಂದಿನ ಸಲ ಯಾವತ್ತು ಬರ್ಬೇಕು ಅಂತ ಬರ್ದಿಟ್ಟು ಹೋಗು. ಇಬ್ರೂ ಬತ್ತೀವಿ.”